ಜಪಾನಿನಲ್ಲಿ ವೀಗನ್ ಊಟ: ದಾಶಿ ಗೊಂದಲ, ಸಹಾಯ ಬೇಕು

ನಮಸ್ಕಾರ. ನಾನಿರೋದು ಮುಂಬೈನ ಮಾಟುಂಗಾದಲ್ಲಿ. ಮೂರು ವರ್ಷದಿಂದ ವೀಗನ್, ಅಂದರೆ ಮಾಂಸ, ಮೀನು, ಮೊಟ್ಟೆ ಜೊತೆಗೆ ಹಾಲು, ತುಪ್ಪವೂ ಇಲ್ಲ. ಇಲ್ಲಿ ಉಡುಪಿ ಹೋಟೆಲಿನಲ್ಲಿ "ತುಪ್ಪ, ಬೆಣ್ಣೆ ಬೇಡ, ಎಣ್ಣೆಯಲ್ಲೇ ದೋಸೆ ಹಾಕಿ" ಅಂದರೆ ಕೆಲಸ ಮುಗೀತು.

ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಆರು ವಾರ ಒಸಾಕಾ. ವಿಮಾನಕ್ಕೆ ವಿಜಿಎಂಎಲ್, ಅಂದರೆ ವೀಗನ್ ಊಟ ಬುಕ್ ಮಾಡಿದ್ದೇನೆ. (ಎವಿಎಂಎಲ್, ಅಂದರೆ ಏಷ್ಯನ್ ವೆಜಿಟೇರಿಯನ್ ಊಟ ತಗೊಂಡರೆ ಮೊಸರು, ಪನೀರ್ ಬರಬಹುದು, ಹುಷಾರು!) ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಟ್ಟಿದ್ದೇನೆ. ವೀಗನ್ ಹೋಟೆಲ್ ಹುಡುಕೋ ಹ್ಯಾಪಿಕೌ ಆ್ಯಪ್ ನೋಡಿದೆ, ಆದರೆ ನನ್ನ ಆಫೀಸಿನ ಹತ್ತಿರ ಏನೂ ಸಿಗಲಿಲ್ಲ.

ನನ್ನ ತಲೆ ಕೆಟ್ಟಿರೋದು ದಾಶಿ, ಅಂದರೆ ಜಪಾನಿ ಅಡುಗೆಗೆ ಬಳಸೋ ರುಚಿಯ ತಿಳಿಸಾರಿನ ವಿಷಯದಲ್ಲಿ. ಮಾಂಸ ಬೇಡ, ಮೀನು ಬೇಡ ಅಂದರೂ ಮಿಸೊ ಸೂಪ್, ಉಡೋನ್ (ದಪ್ಪ ಗೋಧಿ ನೂಡಲ್ಸ್) ಸಾರು ಎಲ್ಲದಕ್ಕೂ ಒಣಮೀನಿನ ದಾಶಿ ಹಾಕುತ್ತಾರಂತೆ. ಅವರಿಗೆ ಅದು ಮೀನು ಅಂತ ಅನ್ನಿಸೋದೇ ಇಲ್ಲ ಅಲ್ವಾ? ಪ್ಯಾಕೆಟ್ ಮೇಲಿನ ಅಲರ್ಜಿ ಪಟ್ಟಿಯಲ್ಲಿ ಹಾಲು, ಮೊಟ್ಟೆ ಇರುತ್ತೆ, ದಾಶಿಗೆ ಹಾಕೋ ಈ ಕತ್ಸುಒ ಮೀನು ಇರಲ್ಲ. ಕೊಂಬು ಅನ್ನೋ ಕಡಲಪಾಚಿಯ ದಾಶಿ ಆದರೆ ನನಗೆ ಓಕೆ. ಬೌದ್ಧ ದೇವಸ್ಥಾನಗಳ ಸಸ್ಯಾಹಾರಿ ಊಟ, ಶೋಜಿನ್ ರ್‍ಯೋರಿ ಚೆನ್ನಾಗಿರುತ್ತೆ, ಆದರೆ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗೋಕಾಗುತ್ತಾ?

ಅಲ್ಲಿ ಇದ್ದು ಬಂದವರು ಹೇಳಿ: ಸಾಮಾನ್ಯ ಉಡೋನ್ ಅಂಗಡಿಯಲ್ಲಿ ಕೊಂಬು ದಾಶಿ ಮಾತ್ರ ಹಾಕಿ ಅಂದರೆ ಮಾಡಿಕೊಡುತ್ತಾರಾ? ಅದಕ್ಕೆ ಚೀಟಿಯಲ್ಲಿ ಜಪಾನಿ ಭಾಷೆಯಲ್ಲಿ ಏನಂತ ಬರೆಸಿಕೊಳ್ಳಲಿ?