ಇರುವ ಮನೆ ಮಾರಿ ಇನ್ನೊಂದು ಕೊಳ್ಳಬೇಕು, ಯಾವುದನ್ನು ಮೊದಲು ಮಾಡೋದು?

ಗುಬ್ಬಿಗೂಡು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ ಮೆಟ್ಟಿಲು ಹತ್ತೋದು ಕಷ್ಟ, ಹಾಗಾಗಿ ಕೆಳಗಡೆಯೇ ಮಲಗುವ ಕೋಣೆ ಇರುವ ಮನೆ ಹುಡುಕುತ್ತಿದ್ದೆವು. ಅಂಥದ್ದೊಂದು ಸಿಕ್ಕಿದೆ, ಎಲ್ಲರಿಗೂ ಹಿಡಿಸಿದೆ. ಆದರೆ ಈಗಿರುವ ಮನೆ ಮಾರದೆ ಅದನ್ನು ಕೊಳ್ಳುವಷ್ಟು ದುಡ್ಡು ನಮ್ಮಲ್ಲಿಲ್ಲ, ಇದರ ಮೇಲೆ ಬ್ಯಾಂಕ್ ಸಾಲವೂ ಬಾಕಿಯಿದೆ. ಮೊದಲು ಮಾರಿದರೆ ನಡುವೆ ಬಾಡಿಗೆ ಮನೆಗೆ ಹೋಗಬೇಕು, ಈ ವಯಸ್ಸಿನಲ್ಲಿ ಅಮ್ಮನನ್ನು ಎರಡೆರಡು ಸಲ ಅಲ್ಲಿಂದಿಲ್ಲಿಗೆ ಓಡಾಡಿಸೋಕೆ ನನಗೆ ಮನಸ್ಸಿಲ್ಲ. ಮೊದಲು ಕೊಂಡುಬಿಟ್ಟು, ಇದು ಮಾರಾಟವಾಗದೆ ಕೂತರೆ ಏನು ಗತಿ? ಆ ಕಡೆಯವರು ಬೇಗ ಅಡ್ವಾನ್ಸ್ ಕೊಡಿ, ಇಲ್ಲದಿದ್ದರೆ ಬೇರೆಯವರಿಗೆ ತೋರಿಸ್ತೀವಿ ಅಂತಿದ್ದಾರೆ. ಎರಡೂ ಒಟ್ಟಿಗೆ ಮಾಡಿದವರು ಯಾರಾದರೂ ಇದ್ದರೆ ಹೇಗೆ ಹೊಂದಿಸಿದಿರಿ ಅಂತ ಹೇಳಿ.

ಲೆಕ್ಕದಪುಸ್ತಕ:

ಅಡ್ವಾನ್ಸ್ ಕೊಡೋಕೆ ಮುಂಚೆ ಒಂದು ಹಾಳೆ ತಗೊಂಡು ಕೂತುಕೊಳ್ಳಿ. ನಿಮ್ಮ ಮನೆ 100ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳೋಣ. ಸಾಲದ ಬಾಕಿ 35, ಬ್ರೋಕರ್ ಮತ್ತು ಇತರೆ ಖರ್ಚು 3 ಹೋದರೆ ಕೈಗೆ ಬರೋದು 62. ಹೊಸ ಮನೆ 130, ಬ್ಯಾಂಕು ಅದರ ಮುಕ್ಕಾಲು ಭಾಗ ಸಾಲ ಕೊಟ್ಟರೆ ನೀವು ಹಾಕಬೇಕಾದ್ದು 32.5. ನೋಂದಣಿ, ತೆರಿಗೆ, ವಕೀಲರ ಖರ್ಚು, ಸಾಮಾನು ಸಾಗಿಸೋದು ಎಲ್ಲ ಸೇರಿ ಇನ್ನೊಂದು 8 ಇಡಿ. ಒಟ್ಟು 40.5. ಹಾಗೆ ನೋಡಿದರೆ 62ರಲ್ಲಿ ಆರಾಮಾಗಿ ಆಗುತ್ತೆ. ಆದರೆ ಅಡ್ವಾನ್ಸ್ ಶೇ. 10 ಅಂದರೆ 13 ಈಗಲೇ ಬೇಕು, ಉಳಿದ 27.5 ನೋಂದಣಿ ಹೊತ್ತಿಗೆ ಬೇಕು, ನಿಮ್ಮ 62 ಬರೋದು ನಿಮ್ಮ ಮನೆಯ ನೋಂದಣಿಯ ದಿನ. ನೀವು ಹೊಂದಿಸಬೇಕಾಗಿರೋದು ಈ ದಿನಗಳನ್ನು. ಈ ಜಾಗಕ್ಕೆ ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ, ಆಮೇಲೆ ಮನೆ 100ರ ಬದಲು 90ಕ್ಕೆ ಹೋದರೆ ಏನಾಗುತ್ತೆ ಅಂತ ಇನ್ನೊಂದು ಸಲ ಮಾಡಿ. ಆಗಲೂ ದುಡ್ಡು ಸಾಕಾದರೆ ಮಾತ್ರ ಮುಂದುವರಿಯಿರಿ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಗಮನಿಸೋದಿಲ್ಲ. ಹಳೆ ಸಾಲ ಇನ್ನೂ ನಡೀತಿರುವಾಗ ಹೊಸ ಸಾಲ ಕೇಳಿದರೆ, ಬ್ಯಾಂಕಿನವರು ಎರಡೂ ಕಂತನ್ನು ಸೇರಿಸಿಯೇ ನಿಮ್ಮ ಸಂಬಳದಲ್ಲಿ ಎಷ್ಟು ತಡೆಯುತ್ತೆ ಅಂತ ನೋಡ್ತಾರೆ. ಹಾಗಾಗಿ ಮುಕ್ಕಾಲು ಭಾಗ ಕೊಡ್ತಾರೆ ಅಂದುಕೊಂಡು ಹೋದವರಿಗೆ ಕಡಿಮೆ ಸಿಗಬಹುದು. ಹಳೆ ಮನೆ ಮಾರಿ ಆ ಸಾಲ ತೀರಿಸ್ತೀನಿ ಅಂತ ಮೊದಲೇ ಹೇಳಿ, ಅದನ್ನು ಗಣನೆಗೆ ತಗೋತಾರಾ ಅಂತ ಕೇಳಿ.

ಹಳೇಬಾಗಿಲು:

ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮೊದಲು ಮಾರಿ. ಕೊಳ್ಳುವ ಆತುರದಲ್ಲಿ ಇರುವವರು ತಮ್ಮ ಮನೆಯನ್ನು ಕಡಿಮೆಗೆ ಬಿಟ್ಟುಕೊಡ್ತಾರೆ, ಇದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮಣ್ಣ ಹೊಸ ಮನೆಗೆ ಗಡುವು ಒಪ್ಪಿಕೊಂಡಿದ್ದ. ಹಳೇದನ್ನು ಕೊಳ್ಳಲು ಬಂದವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು, ಯಾಕಂದರೆ ಅವರೂ ತಮ್ಮ ಮನೆ ಮಾರಿಯೇ ದುಡ್ಡು ತರಬೇಕಾಗಿತ್ತು, ಅದು ಮಾರಾಟವಾಗಲಿಲ್ಲ. ನಡುವೆ ಒಂದು ಕೊಂಡಿ ತಪ್ಪಿದರೆ ಎಲ್ಲರದ್ದೂ ನಿಲ್ಲುತ್ತೆ. ಅದಕ್ಕೇ ಹೇಳೋದು, ನಿಮ್ಮ ಮನೆ ಕೊಳ್ಳುವವರನ್ನು ದುಡ್ಡು ಎಲ್ಲಿಂದ ಬರುತ್ತೆ ಅಂತ ಮುಜುಗರಪಡದೆ ಕೇಳಿ. ಸಾಲ ಮಂಜೂರಾದ ಪತ್ರ ಇದ್ದರೆ ತೋರಿಸಲಿ. ಸ್ವಲ್ಪ ಕಡಿಮೆ ಬೆಲೆ ಹೇಳಿದರೂ ದುಡ್ಡು ಸಿದ್ಧವಿರುವವರೇ ನಿಮಗೆ ಒಳ್ಳೆಯವರು.

ಅಮ್ಮನ ವಿಷಯ ಓದಿ ಬೇಜಾರಾಯಿತು. ಅದಕ್ಕೂ ದಾರಿ ಇದೆ. ಮಾರಿದ ಮೇಲೂ ಕೆಲವು ವಾರ ಅದೇ ಮನೆಯಲ್ಲಿ ಬಾಡಿಗೆಗೆ ಇರ್ತೀವಿ ಅಂತ ಕೊಳ್ಳುವವರ ಜೊತೆ ಮಾತಾಡಿ. ಅವರಿಗೆ ತಕ್ಷಣ ಬಂದು ಇರುವ ಆತುರ ಇಲ್ಲದಿದ್ದರೆ ಒಪ್ಪಬಹುದು. ಕೊನೆಯ ದಿನಾಂಕ, ಬಾಡಿಗೆ, ಆ ದಿನ ದಾಟಿದರೆ ದಿನಕ್ಕೆ ಎಷ್ಟು ದಂಡ, ಏನಾದರೂ ಹಾಳಾದರೆ ಯಾರ ಹೊಣೆ, ಎಲ್ಲ ಬರವಣಿಗೆಯಲ್ಲೇ ಇರಲಿ. ಅವರು ಸಾಲ ಮಾಡಿ ಕೊಳ್ಳುತ್ತಿದ್ದರೆ ಅವರ ಬ್ಯಾಂಕ್ ಇದಕ್ಕೆ ಒಪ್ಪುತ್ತಾ ಅಂತಲೂ ಅವರೇ ವಿಚಾರಿಸಿಕೊಳ್ಳಲಿ.

ಕರಡುಪ್ರತಿ:

ಮೇಲಿನವರು ಹೇಳಿದ್ದನ್ನು ಒಪ್ತೀನಿ, ಆದರೆ ಮೊದಲು ಮಾರೋದೊಂದೇ ದಾರಿ ಅಂತಲ್ಲ. ನಿಮ್ಮ ಕಡೆ ಮನೆಗಳು ಬೇಗ ಮಾರಾಟವಾಗ್ತಿದ್ದು, ನಿಮಗೆ ಬೇಕಾದಂಥ ಮನೆ ಸಿಗೋದೇ ಅಪರೂಪವಾಗಿದ್ದರೆ ಅದನ್ನು ಹಿಡಿದುಕೊಳ್ಳೋದರಲ್ಲಿ ಅರ್ಥವಿದೆ. ಎಲ್ಲವೂ ಕರಾರಿನಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿದೆ. ಬಾಯಿಮಾತಿನ ಭರವಸೆ ಬೇಡ, ಎಷ್ಟೇ ಒಳ್ಳೆ ಜನ ಆದರೂ ಸರಿ.

ಕೊಳ್ಳುವ ಕರಾರಿನಲ್ಲಿ, ನಮ್ಮ ಮನೆ ಇಂಥ ದಿನದೊಳಗೆ ಮಾರಾಟವಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಒಂದು ಷರತ್ತು ಕೇಳಿ. ಮಾರುವವರಿಗೆ ಇದು ಇಷ್ಟವಾಗೋದಿಲ್ಲ, ಅದು ಸಹಜ, ಅವರ ಮನೆ ನಿಮಗೋಸ್ಕರ ಕಾಯ್ತಾ ಕೂರಬೇಕಲ್ವಾ. ಹಾಗಾಗಿ ನೀವೂ ಏನಾದರೂ ಬಿಟ್ಟುಕೊಡಿ: ಅವರು ಬೇರೆಯವರಿಗೆ ತೋರಿಸಬಹುದು, ಇನ್ನೊಬ್ಬರು ಒಪ್ಪಿ ಬಂದರೆ ನಿಮಗೆ ತಿಳಿಸಬೇಕು, ಕೆಲವು ದಿನದೊಳಗೆ ನೀವು ಷರತ್ತು ಕೈಬಿಟ್ಟು ಕೊಳ್ಳಬೇಕು, ಇಲ್ಲವೇ ಅಡ್ವಾನ್ಸ್ ತಗೊಂಡು ಹೊರಡಬೇಕು.

ನಿಮ್ಮ ಮನೆ ಕೊಳ್ಳುವವರು ಕೊಟ್ಟ ಅಡ್ವಾನ್ಸನ್ನೇ ಹೊಸ ಮನೆ ಮಾರುವವರಿಗೆ ಕೊಡೋದು ರೂಢಿ. ಮಾಡಿ, ಆದರೆ ಹುಷಾರು. ಅವರು ಹಿಂದೆ ಸರಿದರೆ ಆ ದುಡ್ಡು ನಿಮ್ಮ ಹತ್ತಿರವೇ ಉಳಿಯುತ್ತಾ, ಇಲ್ಲಾ ವಾಪಸ್ ಕೊಡಬೇಕಾ? ಅವರಿಗೆ ಸಾಲ ಸಿಗದಿದ್ದರೆ ವಾಪಸ್ ಅಂತ ಕರಾರಿನಲ್ಲಿದ್ದು, ಹೊಸ ಮನೆಯವರಿಗೆ ನೀವು ಕೊಟ್ಟದ್ದು ವಾಪಸ್ ಬರೋದಿಲ್ಲ ಅಂತಿದ್ದರೆ, ಎರಡರ ನಡುವೆ ಸಿಕ್ಕಿಹಾಕಿಕೊಳ್ಳೋದು ನೀವೇ. ಎರಡೂ ಕರಾರುಗಳನ್ನು ಒಬ್ಬರೇ ವಕೀಲರ ಕೈಲಿ ಓದಿಸಿ, ವಾಪಸಾತಿಯ ಸಾಲುಗಳು ಒಂದಕ್ಕೊಂದು ಹೊಂದಲಿ.

ಬ್ರಿಡ್ಜ್ ಲೋನ್ ಬಗ್ಗೆ ಯಾರೂ ಹೇಳಿಲ್ಲ. ಹಳೆ ಮನೆ ಮಾರಾಟವಾಗುವವರೆಗೆ ಸ್ವಲ್ಪ ಕಾಲಕ್ಕೆ ಸಿಗುವ ಸಾಲ ಅದು, ಸಾಮಾನ್ಯವಾಗಿ ಬಡ್ಡಿ ಮನೆ ಸಾಲಕ್ಕಿಂತ ಜಾಸ್ತಿ. ನಿಮ್ಮ ಮನೆಗೆ ಗಟ್ಟಿ ಕರಾರಾಗಿ ನೋಂದಣಿ ದಿನ ಗೊತ್ತಾಗಿದ್ದರೆ ಮಾತ್ರ ಅದರ ಕಡೆ ನೋಡಿ. ಗಿರಾಕಿಯೇ ಸಿಕ್ಕಿಲ್ಲ ಅಂದರೆ ಬೇಡ, ಹಳೆ ಕಂತು, ಹೊಸ ಕಂತು, ಇದರ ಬಡ್ಡಿ ಮೂರೂ ಒಟ್ಟಿಗೆ ಬರುತ್ತೆ.

ಗುಬ್ಬಿಗೂಡು:

ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆ ತಗೊಂಡು ಕೂತೆ. ಮನೆ ಶೇ. 10 ಕಡಿಮೆಗೆ ಹೋದರೂ ನಡೆಯುತ್ತೆ, ಅದಕ್ಕಿಂತ ಇಳಿದರೆ ಕಷ್ಟ. ಆ ಕಡೆಯವರ ಜೊತೆ ಮಾತಾಡಿದೆ. ಷರತ್ತು ಬೇಡವೇ ಬೇಡ ಅಂದರು, ಆದರೆ ಬೇಕಾದರೆ ನೋಂದಣಿಗೆ ಉದ್ದ ಗಡುವು ತಗೊಳ್ಳಿ ಅಂದರು. ಇದು ಸಾಕಾ? ಇನ್ನೊಂದು, ಮನೆಪತ್ರಗಳೆಲ್ಲ ಸಾಲ ಕೊಟ್ಟ ಬ್ಯಾಂಕಿನಲ್ಲಿವೆ, ಕೊಳ್ಳುವವರಿಗೆ ಏನು ತೋರಿಸೋದು?

ಲೆಕ್ಕದಪುಸ್ತಕ:

ಬ್ಯಾಂಕಿನಿಂದ ಪತ್ರಗಳ ನಕಲು, ಇಂಥ ದಿನಕ್ಕೆ ಇಷ್ಟು ಬಾಕಿ ಅನ್ನುವ ಪತ್ರ, ಎರಡಕ್ಕೂ ಈಗಲೇ ಅರ್ಜಿ ಕೊಡಿ. ಕೊಳ್ಳುವವರ ದುಡ್ಡಿನಲ್ಲಿ ಬಾಕಿಯಷ್ಟು ನೇರವಾಗಿ ಬ್ಯಾಂಕಿಗೆ ಹೋಗಿ ಉಳಿದದ್ದು ನಿಮಗೆ ಬರೋ ಹಾಗೆ ಮಾಡಿಕೊಳ್ಳಬಹುದು. ಸಾಲ ತೀರಿದ ಮೇಲೂ ಮೂಲಪತ್ರ ಕೈಗೆ ಬರೋಕೆ ದಿನ ಹಿಡಿಯಬಹುದು, ಅದನ್ನು ಕೇಳಿಕೊಂಡೇ ನಿಮ್ಮ ಮಾರಾಟದ ತಾರೀಕು ಇಡಿ.

ಕರಡುಪ್ರತಿ:

ಷರತ್ತಿಲ್ಲದಿದ್ದರೆ ಅಡ್ವಾನ್ಸ್ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಕಡಿಮೆ ಮಾಡಿ, ಯಾಕಂದರೆ ಹೋದರೆ ಹೋಗೋದು ಅದೇ. ಕೊಳ್ಳೋಕಾಗದೆ ನೀವು ಹಿಂದೆ ಸರಿದರೆ ಅಡ್ವಾನ್ಸ್ ಅಲ್ಲದೆ ಇನ್ನೇನಾದರೂ ಕೊಡಬೇಕಾಗುತ್ತಾ ಅಂತ ಕರಾರಿನಲ್ಲಿ ನೋಡಿಕೊಳ್ಳಿ. ಉದ್ದ ಗಡುವಿನ ಜೊತೆಗೆ, ಒಂದು ಮೊತ್ತ ಕೊಟ್ಟು ಒಂದು ಸಲ ಮುಂದೂಡುವ ಹಕ್ಕನ್ನೂ ಕೇಳಿ. ನಿಮ್ಮ ಮನೆಯ ನೋಂದಣಿ ಆ ಗಡುವಿಗೆ ಕನಿಷ್ಠ ಒಂದೆರಡು ವಾರ ಮೊದಲೇ ಇರಲಿ. ಒಂದೇ ದಿನ ಎರಡೂ ಮಾಡೋಕೆ ಹೋಗಬೇಡಿ, ದುಡ್ಡು ಬ್ಯಾಂಕಿಂದ ಬ್ಯಾಂಕಿಗೆ ಬರೋದು ಒಂದು ದಿನ ತಡವಾದರೂ ಸಾಮಾನು ಲಾರಿಯಲ್ಲೇ ಉಳಿಯುತ್ತೆ.

ಹಳೇಬಾಗಿಲು:

ಆ ಒಂದೆರಡು ವಾರಕ್ಕೇ ನಾನು ಹೇಳಿದ ಬಾಡಿಗೆ ವ್ಯವಸ್ಥೆ ಕೇಳಿಕೊಳ್ಳಿ. ಆಗ ಅಮ್ಮ ಒಂದೇ ಸಲ ಹೊರಟರೆ ಸಾಕು, ನೇರ ಹೊಸ ಮನೆಗೇ.