‘ಪಬ್ಲಿಕ್ ಟ್ರಸ್ಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

2006ರ ರಾಷ್ಟ್ರೀಯ ಪರಿಸರ ನೀತಿಯ ಮುಖ್ಯ ಭಾಗಗಳನ್ನು ಊರ ಕೆರೆ ಸಮಿತಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ಹೆಚ್ಚಿನವು ಸಲೀಸಾಗಿ ಬಂದವು. ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ ಇವೆಲ್ಲ ಪತ್ರಿಕೆಗಳಲ್ಲಿ ರೂಢಿಯಾಗಿವೆ. ‘ಪೊಲ್ಯೂಟರ್ ಪೇಸ್’ ಎಂಬುದಕ್ಕೆ ‘ಹೊಲಸು ಮಾಡಿದವರೇ ಖರ್ಚು ಭರಿಸಬೇಕು’ ಅಂದರೆ ಸಾಕು, ಯಾರಿಗೂ ತಿಳಿಯುತ್ತದೆ. ನಾವು ಸಿಕ್ಕಿಹಾಕಿಕೊಂಡಿರುವುದು ‘ಪಬ್ಲಿಕ್ ಟ್ರಸ್ಟ್ ಡಾಕ್ಟ್ರಿನ್’ ಎಂಬಲ್ಲಿ.

ನೀತಿ ಹೇಳುವುದು ಇಷ್ಟು. ನೈಸರ್ಗಿಕ ಸಂಪತ್ತಿಗೆ ಸರ್ಕಾರ ಪೂರ್ತಿ ಒಡೆಯನಲ್ಲ. ಅದು ಇರುವುದೇ ಜನರ ಬಳಕೆಗೆ. ಸರ್ಕಾರ ಜನರ ಪರವಾಗಿ ಅದನ್ನು ನೋಡಿಕೊಳ್ಳುತ್ತದೆ. ಬಹಳ ಜನರ ನ್ಯಾಯವಾದ ಹಿತ ಕಾಯಲು, ಇಲ್ಲವೇ ದೇಶದ ಆಯಕಟ್ಟಿನ ಅಗತ್ಯಕ್ಕೆ, ಆ ಬಳಕೆಗೆ ಕೆಲವು ಷರತ್ತುಗಳು ಇರಬಹುದು.

ಈ ತತ್ವ ನಮ್ಮ ದೇಶದ ಕಾನೂನಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರ ಡಿಸೆಂಬರಿನಲ್ಲಿ, ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಪ್ರಕರಣದಲ್ಲಿ. ಹಿಮಾಚಲದ ಕುಲ್ಲು–ಮನಾಲಿ ನಡುವೆ, ಬಿಯಾಸ್ ನದಿಯ ದಂಡೆಯ ಅರಣ್ಯ ಜಮೀನನ್ನು ಒಂದು ಮೋಟೆಲಿಗೆ ಗುತ್ತಿಗೆ ಕೊಟ್ಟಿದ್ದರು. ಪ್ರವಾಹ ತಮ್ಮ ಕಡೆ ನುಗ್ಗದಿರಲಿ ಎಂದು ಮೋಟೆಲಿನವರು ಬುಲ್ಡೋಜರ್ ಇಳಿಸಿ ನದಿಯ ಹರಿವನ್ನೇ ತಿರುಗಿಸಲು ಹೊರಟರು. ಕೋರ್ಟು ಗುತ್ತಿಗೆ ರದ್ದು ಮಾಡಿತು. ಹಾಳಾದದ್ದನ್ನು ಸರಿಪಡಿಸುವ ಖರ್ಚೂ ಮೋಟೆಲಿನದೇ ಎಂದಿತು. ತೀರ್ಪು ಈ ವಿಚಾರವನ್ನು ರೋಮನ್ನರ ಹಳೆಯ ಕಾನೂನಿನವರೆಗೆ ಒಯ್ಯುತ್ತದೆ. ನದಿ, ಕಡಲದಂಡೆ, ಗಾಳಿ ಇವು ಒಬ್ಬರ ಸ್ವತ್ತಾಗಲಾರವು ಎಂದು ಅವರು ಆಗಲೇ ನಂಬಿದ್ದರು.

ಈಗ ಮಾತಿನ ವಿಷಯ. ‘ಸಾರ್ವಜನಿಕ ವಿಶ್ವಾಸ ಸಿದ್ಧಾಂತ’ ಎಂದು ಬರೆದಿರುವುದನ್ನು ನೋಡಿದ್ದೇನೆ. ಇದು ನನಗೆ ಒಪ್ಪಿಗೆಯಿಲ್ಲ. ವಿಶ್ವಾಸ ಅಂದ ಕೂಡಲೇ ನಮ್ಮ ಓದುಗರಿಗೆ ವಿಶ್ವಾಸಮತ ನೆನಪಾಗುತ್ತದೆ. ‘ಜನ ಸರ್ಕಾರವನ್ನು ನಂಬಬೇಕು’ ಅಂತ ಅರ್ಥ ಮಾಡಿಕೊಂಡರೆ ಕಥೆ ಮುಗಿಯಿತು. ಹೊಣೆ ಇರುವುದು ಸರ್ಕಾರದ ಮೇಲೆ, ಜನರ ಮೇಲಲ್ಲ.

‘ಟ್ರಸ್ಟ್’ ಅಂತಲೇ ಇಟ್ಟರೆ ಇನ್ನೊಂದು ತೊಡಕು. ಟ್ರಸ್ಟಿನ ಜಾಗ ಅಂದರೆ ಯಾವುದೋ ರಿಜಿಸ್ಟರ್ ಆದ ಸಂಸ್ಥೆಯದು ಅಂತಲೇ ಜನರ ಲೆಕ್ಕ. ‘ನ್ಯಾಸ’ ಸರಿಯಾದ ಪದವೇ, ನಂಬಿ ಇಟ್ಟದ್ದು ಎಂಬ ಅರ್ಥ ಅದರಲ್ಲಿದೆ. ಆದರೆ ಪೂಜೆಯ ಅಂಗನ್ಯಾಸ, ಕರನ್ಯಾಸ ಬಿಟ್ಟರೆ ಅದು ಕಿವಿಗೆ ಬೀಳುವುದೇ ಅಪರೂಪ, ಅಲ್ವಾ? ‘ಸುಪರ್ದಿ’ ನನಗೆ ಇಷ್ಟವಾಗಿತ್ತು. ಕಚೇರಿಯವರೂ ಹಳ್ಳಿಯವರೂ ಬಳಸುವ ಮಾತು. ಆದರೆ ‘ಸರ್ಕಾರ ಸುಪರ್ದಿಗೆ ತಗೊಂಡಿತು’ ಅಂದರೆ ಈಗ ವಶಪಡಿಸಿಕೊಂಡಿತು ಅಂತಲೇ ಅರ್ಥ. ಕಾಯುವ ಹೊಣೆ ಅದರಲ್ಲಿ ಉಳಿದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಗೋಮಾಳದ ಪಹಣಿ ತೆಗೆಸಿ ನೋಡಿ. ಮಾಲೀಕರ ಹೆಸರು ಬರುವ 9ನೇ ಕಾಲಮ್ಮಿನಲ್ಲಿ ‘ಸರ್ಕಾರಿ ಗೋಮಾಳ’ ಎಂದಿರುತ್ತದೆ. ಹಳ್ಳ, ದಾರಿ ಹಾದುಹೋಗುವ ಜಾಗವಾದರೆ ‘ಬಿ ಖರಾಬು’ ಎಂದು ತೋರಿಸಿರುತ್ತಾರೆ. ಅದು ಸಾರ್ವಜನಿಕರಿಗಾಗಿ ಬಿಟ್ಟ ಜಾಗ. ಆದರೆ ಊರಿನವರ ಕಣ್ಣಿಗೆ ಕಾಣುವುದು ‘ಸರ್ಕಾರಿ’ ಎಂಬ ಮಾತೊಂದೇ. ‘ಸರ್ಕಾರದ್ದು, ಯಾರಿಗೆ ಬೇಕಾದ್ರೂ ಕೊಡಬಹುದು, ನಾವ್ಯಾರು ಕೇಳೋಕೆ’ ಎಂದು ಸುಮ್ನಾಗುತ್ತಾರೆ. ಹಾಗೆ ಕೇಳುವ ಹಕ್ಕು ಅವರಿಗೆ ಇದೆ ಎಂದು ಹೇಳುವುದೇ ಈ ತತ್ವ. ಅದು ಅವರ ಮಾತಿನಲ್ಲಿ ತಲುಪದಿದ್ದರೆ ನೀತಿಯನ್ನು ಕನ್ನಡಕ್ಕೆ ತಂದು ಏನು ಬಂತು?

ನನ್ನ ಒಲವು ‘ಧರ್ಮದರ್ಶಿ’ ಕಡೆಗಿದೆ. ದೇವಸ್ಥಾನದ ಜಮೀನು ದೇವರದು, ಧರ್ಮದರ್ಶಿ ಅದನ್ನು ನೋಡಿಕೊಳ್ಳುವವರು, ತಮ್ಮದೆಂದು ಮಾರುವಂತಿಲ್ಲ, ಲೆಕ್ಕ ಕೊಡಬೇಕು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಾಂಧೀಜಿಯವರ ಟ್ರಸ್ಟೀಶಿಪ್ ವಿಚಾರಕ್ಕೂ ಕನ್ನಡದಲ್ಲಿ ‘ಧರ್ಮದರ್ಶಿತ್ವ’ ಎನ್ನುವುದುಂಟು. ಹಾಗಾಗಿ ‘ಸಾರ್ವಜನಿಕ ಧರ್ಮದರ್ಶಿತ್ವ’ ಎಂದು ತಲೆಬರಹದಲ್ಲಿ ಹಾಕಿ, ಕೆಳಗೆ ‘ಸರ್ಕಾರ ಇದರ ಒಡೆಯನಲ್ಲ, ಧರ್ಮದರ್ಶಿ’ ಎಂಬ ಒಂದು ಸಾಲು ಬರೆಯೋಣ ಅಂತಿದ್ದೇನೆ.

ಒಂದು ಅಳುಕಿದೆ. ಈ ಪದಕ್ಕೆ ದೇವಸ್ಥಾನದ ನಂಟು ಗಟ್ಟಿ. ಕೆರೆ ಎಲ್ಲ ಜಾತಿ, ಎಲ್ಲ ಧರ್ಮದವರದು. ಕೆರೆ ಸಮಿತಿಯಲ್ಲಿ ಕೂತ ಒಬ್ಬರಿಗಾದರೂ ‘ಇದು ನಮ್ಮದಲ್ಲ’ ಅನ್ನಿಸಿದರೆ ಪದ ಸೋತಂತೆ. ಕರಾವಳಿಯಲ್ಲಿ ದೇವಸ್ಥಾನದ ಆಡಳಿತ ನೋಡಿಕೊಳ್ಳುವವರಿಗೆ ಹೇಳುವ ‘ಮೊಕ್ತೇಸರ’ ಎಂಬ ಮಾತಿಗೂ, ವಕ್ಫ್ ಆಸ್ತಿ ನೋಡಿಕೊಳ್ಳುವ ‘ಮುತವಲ್ಲಿ’ಗೂ ಇದೇ ತೊಡಕು. ಮೂರರ ಅರ್ಥವೂ ನಮಗೆ ಬೇಕಾದದ್ದೇ, ಮೂರೂ ಒಂದೊಂದು ಅಂಗಳದವು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆ ಇಡೀ ಊರಿಗೆ ಸೇರಿದ್ದನ್ನು, ಕೆರೆಯನ್ನೋ ಗುಂಡುತೋಪನ್ನೋ, ಊರ ಪರವಾಗಿ ಕಾಯುವವರಿಗೆ ಏನನ್ನುತ್ತಾರೆ? ದೇವಸ್ಥಾನ, ದರ್ಗಾಗಳ ನಂಟಿಲ್ಲದ ಪದ ಬಳಕೆಯಲ್ಲಿದೆಯಾ? ಕೋರ್ಟಿನ ಅನುವಾದ ಮಾಡಿದವರು ಇಲ್ಲಿದ್ದರೆ, ‘ನ್ಯಾಸಧಾರಿ’ ಎಂಬುದು ತೀರ್ಪುಗಳ ಕನ್ನಡದಲ್ಲಿ ನಿಜಕ್ಕೂ ನಡೆಯುತ್ತಿದೆಯೇ ಎಂಬುದನ್ನೂ ತಿಳಿಸಿ. ಆ ಪುಟವನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.