ಸಹಾಯ ಬೇಕು: ಬ್ರಾಂಕಿಯೆಕ್ಟೇಸಿಸ್‌ಗೆ ಬಂದಿರುವ ಹೊಸ ಮಾತ್ರೆಯ ಬಗ್ಗೆ

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಡೊಂಬಿವಲಿಯಲ್ಲಿರುವ ನನ್ನ ತಾಯಿಯವರಿಗೆ, ಹರೆಯದಲ್ಲಿ ಬಂದು ವಾಸಿಯಾದ ಕ್ಷಯರೋಗದ ನಂತರ, ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕಫ ಕಟ್ಟಿಕೊಳ್ಳುವ ಬ್ರಾಂಕಿಯೆಕ್ಟೇಸಿಸ್ ಕಾಯಿಲೆ ಉಳಿದುಕೊಂಡಿದೆ. ಮಳೆಗಾಲದಲ್ಲಂತೂ ಸೋಂಕು ಪದೇ ಪದೇ ಮರುಕಳಿಸುತ್ತದೆ.

ಈ ಕಾಯಿಲೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದ ಮೊದಲ ಔಷಧವಾದ ಬ್ರೆನ್ಸೊಕ್ಯಾಟಿಬ್ ಅನ್ನು ಆರಂಭಿಸುವ ಕುರಿತು ವೈದ್ಯರು ಪ್ರಸ್ತಾಪಿಸಿದ್ದಾರೆ. ದಿನಕ್ಕೊಮ್ಮೆ ನುಂಗಬೇಕಾದ, 10 ಅಥವಾ 25 ಮಿಲಿಗ್ರಾಂನ ಈ ಮಾತ್ರೆ ರೋಗಾಣುಗಳನ್ನು ಕೊಲ್ಲುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಶ್ವಾಸನಾಳದ ಗೋಡೆಯನ್ನೇ ಹಾಳುಮಾಡಬಲ್ಲ ಕಿಣ್ವಗಳು ಸಕ್ರಿಯಗೊಳ್ಳುವುದನ್ನು ಮೂಲದಲ್ಲೇ ತಡೆಯುತ್ತದೆ. ಆದ್ದರಿಂದ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಬಹುದೇ ಹೊರತು ಹಿಗ್ಗಿದ ನಾಳಗಳು ಮೊದಲಿನಂತಾಗುವುದಿಲ್ಲ, ಕಫ ಹೊರಹಾಕುವ ವ್ಯಾಯಾಮವನ್ನು ಬಿಡುವಂತೆಯೂ ಇಲ್ಲ. ಚರ್ಮ ಒಣಗುವುದು, ದಪ್ಪಗಾಗುವುದು ಮತ್ತು ವಸಡಿನ ತೊಂದರೆಗಳ ಬಗ್ಗೆ ಎಚ್ಚರಿಕೆಯಿದೆ. ತಾಯಿಯವರ ವಸಡು ಈಗಾಗಲೇ ದುರ್ಬಲವಾಗಿರುವುದರಿಂದ ನನಗೆ ಇದೇ ಹೆಚ್ಚಿನ ಆತಂಕ.

ನಿಮ್ಮಲ್ಲಿ ಯಾರಾದರೂ, ಅಥವಾ ಅಮೆರಿಕದಲ್ಲಿರುವ ನಿಮ್ಮ ಬಂಧುಗಳು, ಈ ಮಾತ್ರೆಯನ್ನು ಆರಂಭಿಸಿದ್ದಲ್ಲಿ ಮೊದಲ ತಿಂಗಳುಗಳು ಹೇಗಿದ್ದವು, ಮುಂಚಿತವಾಗಿ ದಂತವೈದ್ಯರಿಗೆ ತೋರಿಸಿದ್ದಿರೇ ಎಂಬುದನ್ನು ದಯವಿಟ್ಟು ತಿಳಿಸಿ. ಸ್ವಂತ ಬಳಕೆಗೆ ವಿದೇಶದಿಂದ ಔಷಧ ತರಿಸಲು 12ಎ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಪರವಾನಗಿ ಪಡೆದ ಅನುಭವ ಇರುವವರು, ವೈದ್ಯರ ಚೀಟಿಯಲ್ಲಿ ಏನೇನು ಬರೆಸಿದ್ದಿರಿ ಎಂದು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸುತ್ತಾರೆ. ನನಗೆ ಬೇಕಿರುವುದು ಬಳಸಿದವರ ಅನುಭವ ಮಾತ್ರ.